ಹಸಿ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಗಾಲಿ ಸುತ್ತುತ್ತಿದೆ: ತೂಕ ಹೇರಬೇಕೇ, ಗಾಳಿ ಇಳಿಸಬೇಕೇ?

ಎರೆಹೊಲ_ನವಲಗುಂದ:

ಎಲ್ಲರಿಗೂ ನಮಸ್ಕಾರ. ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ಬಯಲಿನಲ್ಲಿ ನಮ್ಮ ಹೊಲಗಳಿವೆ; ಎಲ್ಲವೂ ಅಪ್ಪಟ ಎರೆ, ಅಂದರೆ ಕಪ್ಪು ಜೇಡಿಮಣ್ಣು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಎಂಬುದು ನಮ್ಮ ರೂಢಿ. ಹೆಸರಿನ ರಾಶಿ ಮುಗಿಸಿ ಕಡಲೆ ಬಿತ್ತಿಗೆಗೆ ಹೊಲ ಸಜ್ಜು ಮಾಡುವ ಹೊತ್ತಿಗೆ ಸರಿಯಾಗಿ ಉತ್ತರಿ, ಹಸ್ತ ಮಳೆಗಳು ಹಿಡಿದುಕೊಳ್ಳುತ್ತವೆ. ನಮ್ಮಲ್ಲಿರುವುದು 45 ಎಚ್‌ಪಿಯ ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್; ಹಿಂದಿನ ಟಯರಿನ ಅಳತೆ 13.6-28. ಒಂಬತ್ತು ಹಲ್ಲಿನ ಕಲ್ಟಿವೇಟರ್ ನೆಲಕ್ಕೆ ಇಳಿಸಿ ಸ್ವಲ್ಪ ದೂರ ಹೋಗುವುದರೊಳಗೆ ಲಗ್‌ಗಳ (ಟಯರಿನ ಮೇಲಿನ ಉಬ್ಬುಪಟ್ಟಿಗಳ) ನಡುವಿನ ಸಂದೆಲ್ಲ ರಾಡಿಯಿಂದ ತುಂಬಿ ಟಯರು ನುಣ್ಣಗಾಗುತ್ತದೆ, ಆಮೇಲೆ ಗಾಲಿ ನಿಂತಲ್ಲಿಯೇ ಸುತ್ತುತ್ತದೆ. ಇಂಜಿನ್ನಿಗೆ ಶಕ್ತಿಯ ಕೊರತೆಯಿಲ್ಲ, ಹೊಗೆಯೂ ಬರುವುದಿಲ್ಲ, ನೆಲ ಮಾತ್ರ ಹಿಡಿತ ಕೊಡುವುದಿಲ್ಲ.

ಕೇಳಿದವರೆಲ್ಲ ಬೇರೆ ಬೇರೆ ಮಾತು ಹೇಳುತ್ತಾರೆ. ಟಯರಿಗೆ ನೀರು ತುಂಬಿಸಿ ಎಂದು ಒಬ್ಬರು, ಗಾಲಿಗೆ ಕಬ್ಬಿಣದ ತೂಕ ಕಟ್ಟಿಸಿ ಎಂದು ಇನ್ನೊಬ್ಬರು, ಇದನ್ನು ಮಾರಿ ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಿ ಎಂದು ಮತ್ತೊಬ್ಬರು. ಖರ್ಚು ಮಾಡುವ ಮೊದಲು ಯಾವುದು ಏಕೆ ಕೆಲಸ ಮಾಡುತ್ತದೆ ಎಂಬುದು ತಿಳಿಯಬೇಕಾಗಿದೆ. ಅನುಭವಸ್ಥರು ದಯವಿಟ್ಟು ವಿವರವಾಗಿ ಬರೆಯಬೇಕು.

ಬಾಡಿಗೆ_ಟ್ರ್ಯಾಕ್ಟರ್_ಹಾವೇರಿ:

ಅಣ್ಣನವರೇ, ಇದಕ್ಕೆ ಇಷ್ಟು ಯೋಚನೆ ಬೇಕಾಗಿಲ್ಲ. ಟ್ರ್ಯಾಕ್ಟರ್ ಎಳೆಯುವುದು ತೂಕದಿಂದ. ನಾನು ಗೋವಿನಜೋಳದ ಹೊಲಗಳಲ್ಲಿ ವರ್ಷವಿಡೀ ಬಾಡಿಗೆ ಹೊಡೆಯುವವನು. ಹಿಂದಿನ ಎರಡೂ ಟಯರಿಗೆ ನೀರು ತುಂಬಿಸಿ, ಗಾಲಿಗೆ ತೂಕದ ಬಿಲ್ಲೆಗಳನ್ನೂ ಹಾಕಿಸಿದ್ದೇನೆ. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹಾಕಿದಾಗ ತೂಕವಿಲ್ಲದ ಟ್ರ್ಯಾಕ್ಟರಿಗೂ ತೂಕವಿರುವ ಟ್ರ್ಯಾಕ್ಟರಿಗೂ ಇರುವ ವ್ಯತ್ಯಾಸ ಮೊದಲ ಸಾಲಿನಲ್ಲಿಯೇ ಗೊತ್ತಾಗುತ್ತದೆ. ನೀವೂ ಮೊದಲು ನೀರು ತುಂಬಿಸಿ ನೋಡಿ. ಕಬ್ಬಿಣಕ್ಕೆ ಹೋಲಿಸಿದರೆ ನೀರಿಗೆ ಖರ್ಚೇ ಇಲ್ಲ.

ಟಯರ್_ಅಂಗಡಿ_ಗದಗ:

ನೀರಿನ ವಿಷಯ ಬಂದಿರುವುದರಿಂದ ನಮ್ಮ ಕೆಲಸದ ವಿವರ ಬರೆಯುತ್ತೇನೆ. 13.6-28 ಟಯರಿನಲ್ಲಿ ಮುಕ್ಕಾಲು ಭಾಗ ತುಂಬಿದರೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಎರಡು ಗಾಲಿಗೆ ಸೇರಿ ಸುಮಾರು 300 ಕಿಲೋ. ಗಾಲಿಯನ್ನು ಜಾಕ್ ಕೊಟ್ಟು ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿ, ವಾಲ್ವಿನ ಮಟ್ಟಕ್ಕೆ ನೀರು ಬರುವವರೆಗೆ ತುಂಬಿ, ಉಳಿದ ಜಾಗಕ್ಕೆ ಗಾಳಿ ಹಾಕಬೇಕು. ಪೂರ್ತಿ ನೀರು ತುಂಬಿಸಬಾರದು. ಗಾಳಿಯ ಜಾಗ ಉಳಿಯದಿದ್ದರೆ ಟಯರಿಗೆ ಬಳುಕುವ ಗುಣವೇ ಹೋಗಿ, ರಸ್ತೆಯಲ್ಲಿ ತಗ್ಗು ಬಂದಾಗ ಪೆಟ್ಟೆಲ್ಲ ಆಕ್ಸಲ್ ಮೇಲೆ ಬೀಳುತ್ತದೆ.

ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ತುಂಬುತ್ತಾರೆ. ಅದು ಸೋರಿದರೆ ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ನಮಗೆ ಅದರ ಅವಶ್ಯಕತೆ ಇಲ್ಲವೇ ಇಲ್ಲ, ಬರೀ ನೀರು ಸಾಕು. ಆದರೆ ನಮ್ಮ ಕಡೆಯ ಉಪ್ಪು ಬೋರ್‌ವೆಲ್ ನೀರನ್ನು ತುಂಬಿಸುವ ಬದಲು ಮಳೆನೀರನ್ನೋ ಕೆರೆಯ ನೀರನ್ನೋ ತಂದರೆ ವಾಲ್ವ್ ಬಾಳಿಕೆ ಬರುತ್ತದೆ. ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ: ನೀರು ತುಂಬಿದ ಗಾಲಿ ಹೊಲದ ನಡುವೆ ಪಂಕ್ಚರ್ ಆದರೆ ಅದನ್ನು ಕಳಚುವುದು ಇಬ್ಬರು ಮೂವರ ಕೆಲಸ.

ಕೃಷಿ_ಇಂಜಿನಿಯರ್_ಧಾರವಾಡ:

ಹಾವೇರಿಯವರು ಹೇಳಿದ್ದು ಅವರ ನೆಲಕ್ಕೆ ನಿಜ, ಬೇಸಿಗೆಯ ಉಳುಮೆಗೂ ನಿಜ. ಆದರೆ ಪ್ರಶ್ನೆ ಕೇಳಿದವರ ನೆಲಕ್ಕೆ, ಅವರು ಹೇಳಿದ ಕಾಲಕ್ಕೆ, ಆ ಮಾತು ಬಹುಪಾಲು ಅನ್ವಯಿಸುವುದಿಲ್ಲ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ಕಾರಣ ತಿಳಿಯದೆ ಹಣ ಖರ್ಚು ಮಾಡುವವರೇ ಹೆಚ್ಚು.

ಟಯರು ಮುಂದಕ್ಕೆ ತಳ್ಳಿಕೊಳ್ಳುವಾಗ ಅದಕ್ಕೆ ಎದುರಾಗಿ ನಿಲ್ಲುವುದು ಮಣ್ಣು. ಮಣ್ಣು ಕತ್ತರಿಸಿ ಜಾರದಂತೆ ತಡೆಯುವ ಬಲ ಎರಡು ಕಡೆಯಿಂದ ಬರುತ್ತದೆ. ಒಂದು, ಮಣ್ಣಿನ ಕಣಗಳ ನಡುವಿನ ಘರ್ಷಣೆ. ಇದು ಮೇಲಿನ ತೂಕ ಹೆಚ್ಚಿದಷ್ಟೂ ಹೆಚ್ಚುತ್ತದೆ. ಇನ್ನೊಂದು, ಕಣಗಳು ಒಂದಕ್ಕೊಂದು ಹಿಡಿದುಕೊಂಡಿರುವ ಅಂಟುಬಲ. ಇದಕ್ಕೂ ತೂಕಕ್ಕೂ ಸಂಬಂಧವಿಲ್ಲ, ಟಯರು ನೆಲವನ್ನು ಎಷ್ಟು ವಿಸ್ತೀರ್ಣದಲ್ಲಿ ಮುಟ್ಟಿದೆ ಎಂಬುದಷ್ಟೇ ಮುಖ್ಯ. ಈ ಎರಡನ್ನೂ ಕೂಡಿಸಿ ಮಣ್ಣಿನ ಬಲ ಲೆಕ್ಕ ಹಾಕುವ ಸೂತ್ರವನ್ನು ಫ್ರಾನ್ಸಿನ ಇಂಜಿನಿಯರ್ ಕೂಲಂಬ್ 18ನೆಯ ಶತಮಾನದಲ್ಲಿಯೇ ಕೊಟ್ಟಿದ್ದಾನೆ. ಕಟ್ಟಡದ ಬುನಾದಿಗೂ ಟ್ರ್ಯಾಕ್ಟರಿನ ಎಳೆತಕ್ಕೂ ಅದೇ ಸೂತ್ರ ಬಳಕೆಯಲ್ಲಿದೆ.

ಮರಳು ಮಿಶ್ರಿತ ಮಸಾರಿಯಲ್ಲಿ, ಹಾಗೆಯೇ ಒಣಗಿದ ಎರೆಯಲ್ಲಿ, ಘರ್ಷಣೆಯ ಪಾಲು ದೊಡ್ಡದು. ಮಣ್ಣಿನ ಘರ್ಷಣೆ ಎಷ್ಟೆಂಬುದನ್ನು ಒಂದು ಕೋನದಿಂದ ಹೇಳುತ್ತಾರೆ; ಆ ಘರ್ಷಣೆಯ ಕೋನ 30 ಡಿಗ್ರಿ ಇರುವ ಮಣ್ಣಿನಲ್ಲಿ 300 ಕಿಲೋ ನೀರು ಹೆಚ್ಚಿಸಿದರೆ ಎಳೆತದ ಬಲ ಸುಮಾರು 170 ಕಿಲೋದಷ್ಟು ಹೆಚ್ಚುತ್ತದೆ. ಈಗ ಮಳೆಯಲ್ಲಿ ನೆನೆದ ಎರೆಯನ್ನು ತೆಗೆದುಕೊಳ್ಳಿ. ಎರೆಯಲ್ಲಿರುವುದು ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ. ಅದರ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಚೆನ್ನಾಗಿ ನೆನೆದಾಗ ಟಯರಿನ ಭಾರವನ್ನು ಕಣಗಳಿಗಿಂತ ಅವುಗಳ ನಡುವಿನ ನೀರೇ ಹೊರುತ್ತದೆ. ಆ ನೀರಿಗೆ ಕೂಡಲೇ ಹೊರಹೋಗಲು ದಾರಿಯಿಲ್ಲದ್ದರಿಂದ ಘರ್ಷಣೆ ಹುಟ್ಟುವುದೇ ಇಲ್ಲ. ಕೋನ 5 ಡಿಗ್ರಿಗೆ ಇಳಿದಿದೆ ಎಂದು ಇಟ್ಟುಕೊಂಡರೆ ಅದೇ 300 ಕಿಲೋ ನೀರಿನಿಂದ ಸಿಗುವ ಹೆಚ್ಚುವರಿ ಎಳೆತ 26 ಕಿಲೋ ಮಾತ್ರ. ಆ ಭಾರಕ್ಕೆ ಗಾಲಿ ಇನ್ನೆರಡು ಬೆರಳು ಹೆಚ್ಚು ಹುಗಿಯುತ್ತದೆ, ಹುಗಿದ ಗಾಲಿ ಪ್ರತಿ ಹೆಜ್ಜೆಗೂ ತನ್ನ ಮುಂದಿನ ಮಣ್ಣಿನ ದಿಣ್ಣೆಯನ್ನು ಹತ್ತಬೇಕಾಗುತ್ತದೆ, ಆ 26 ಕಿಲೋ ಅಲ್ಲಿಯೇ ತೀರಿಹೋಗುತ್ತದೆ.

ಆದ್ದರಿಂದ ಹಸಿ ಎರೆಯಲ್ಲಿ ಕೆಲಸಕ್ಕೆ ಬರುವುದು ಅಂಟುಬಲ, ಅಂದರೆ ಮುಟ್ಟುವ ವಿಸ್ತೀರ್ಣ. ಅದನ್ನು ಹೆಚ್ಚಿಸಲು ಅತಿ ಅಗ್ಗದ ದಾರಿಯೆಂದರೆ ಟಯರಿನ ಗಾಳಿ ಇಳಿಸುವುದು. ಟ್ರಾಲಿ ಎಳೆಯಲೆಂದು 18 ಅಥವಾ 20 ಪೌಂಡು ಗಾಳಿ ತುಂಬಿಸಿ ಅದೇ ಟಯರಿನಲ್ಲಿ ಹೊಲಕ್ಕೆ ಇಳಿಯುವವರು ನಮ್ಮಲ್ಲಿ ಬಹಳ. ಹೊಲದ ಕೆಲಸಕ್ಕೆ ಈ ಅಳತೆಯ ಟಯರಿಗೆ 12 ಪೌಂಡಿನ ಆಸುಪಾಸು ಸಾಕು. ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಕೊಟ್ಟಿರುವ ಕನಿಷ್ಠ ಒತ್ತಡವನ್ನು ನೋಡಿಕೊಂಡು ಅದಕ್ಕಿಂತ ಕೆಳಗೆ ಇಳಿಸಬೇಡಿ. ಗಾಳಿ ಇಳಿದಾಗ ಟಯರಿನ ಹೆಜ್ಜೆ ಅಗಲಕ್ಕಿಂತ ಹೆಚ್ಚಾಗಿ ಉದ್ದದಲ್ಲಿ ಬೆಳೆಯುತ್ತದೆ, ಒಮ್ಮೆಗೆ ಹೆಚ್ಚು ಲಗ್‌ಗಳು ನೆಲ ಹಿಡಿಯುತ್ತವೆ, ಟಯರು ಬಳುಕುವುದರಿಂದ ಸಂದಿನ ಮಣ್ಣೂ ಸ್ವಲ್ಪಮಟ್ಟಿಗೆ ಉದುರುತ್ತದೆ. ನೀರು ತುಂಬಿದ ಟಯರು ಇದಕ್ಕೆ ತದ್ವಿರುದ್ಧವಾಗಿ ಬಿಗಿದುಕೊಳ್ಳುತ್ತದೆ.

ಬಾಡಿಗೆ_ಟ್ರ್ಯಾಕ್ಟರ್_ಹಾವೇರಿ:

ಸರ್, ಲೆಕ್ಕ ಸರಿಯಿರಬಹುದು. ಆದರೆ 12 ಪೌಂಡು ಗಾಳಿಯಲ್ಲಿ ಗೋವಿನಜೋಳ ತುಂಬಿದ ಟ್ರಾಲಿಯನ್ನು ಮಾರುಕಟ್ಟೆಗೆ ಎಳೆದರೆ ಟಯರಿನ ಪಕ್ಕೆ ಸೀಳುತ್ತದೆ. ಬೆಳಿಗ್ಗೆ ಹೊಲ, ಸಂಜೆ ರಸ್ತೆ ಎಂದು ದುಡಿಯುವ ನಾವು ದಿನಾಲೂ ಗಾಳಿ ಇಳಿಸುತ್ತ, ಏರಿಸುತ್ತ ಕೂಡಲು ಆಗುತ್ತದೆಯೇ?

ಟಯರ್_ಅಂಗಡಿ_ಗದಗ:

ಆಗುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್‌ಗಳು ಈಗ ಸಿಗುತ್ತವೆ, ದೊಡ್ಡ ಟಯರಿಗೆ ನಿಧಾನವಾದರೂ ತುಂಬುತ್ತವೆ. ಅದಕ್ಕಿಂತ ಮೊದಲು ಒಂದು ಒಳ್ಳೆಯ ಗೇಜ್ ಕೊಳ್ಳಬೇಕು. ಕೆಳ ಒತ್ತಡವನ್ನು ಸರಿಯಾಗಿ ತೋರಿಸುವ ಗೇಜ್ ಇಲ್ಲದೆ, ಟಯರಿಗೆ ಒದ್ದು ನೋಡಿ ಗಾಳಿ ಅಳೆಯುವವರಿಗೆ ಈ ಸಲಹೆ ಬೇಡ.

ಮಿನ್ನೆಸೋಟದಿಂದ_ಹುಬ್ಬಳ್ಳಿಯವ:

ಚರ್ಚೆ ಓದಿ ಬರೆಯಬೇಕೆನಿಸಿತು. ನಾನು ಹುಬ್ಬಳ್ಳಿಯವನು, ಈಗ ಅಮೆರಿಕದ ಮಿನ್ನೆಸೋಟದಲ್ಲಿ ಇದ್ದೇನೆ. ಇಲ್ಲಿ ಚಳಿಗಾಲದಲ್ಲಿ ಮನೆಯ ಮುಂದಿನ ದಾರಿಯ ಹಿಮ ಸರಿಸಲು ಹಲವರು ಎಟಿವಿ ಎಂಬ ನಾಲ್ಕು ಗಾಲಿಯ ಸಣ್ಣ ವಾಹನ ಬಳಸುತ್ತಾರೆ. ಸ್ಟೀರಿಂಗ್ ಬದಲು ಬೈಕಿನ ಹಾಗೆ ಹ್ಯಾಂಡಲ್ ಇರುತ್ತದೆ, ಮುಂದುಗಡೆ ಐದಡಿ ಅಗಲದ ಉಕ್ಕಿನ ಹಲಗೆ ಕಟ್ಟಿರುತ್ತಾರೆ. ಗಾಡಿಯ ತೂಕ ಮುನ್ನೂರು ಕಿಲೋ ಚಿಲ್ಲರೆ ಮಾತ್ರ ಇರುವುದರಿಂದ ಇಲ್ಲಿಯೂ ತೊಂದರೆ ಅದೇ: ಇಂಜಿನ್ ತಳ್ಳಬಲ್ಲದು, ಗಾಲಿ ಹಿಡಿಯುವುದಿಲ್ಲ.

ಇಲ್ಲಿಯವರು ಮೊದಲು ಮಾಡುವುದು ಹಿಂದಿನ ಗಾಲಿಗಳಿಗೆ ಸರಪಳಿ ಬಿಗಿಯುವುದು. ಎರಡನೆಯದು, ಹಲಗೆಯ ಭಾರ ಮುಂದೆ ಇರುವುದರಿಂದ ಹಿಂದಿನ ರ‍್ಯಾಕ್ ಮೇಲೆ ಮರಳಿನ ಚೀಲ ಇಟ್ಟು ಕಟ್ಟುವುದು. ಹಲಗೆಯನ್ನು ನೇರವಾಗಿ ಹಿಡಿಯದೆ ಓರೆಯಾಗಿಸಿ ಹಿಮವನ್ನು ಪಕ್ಕಕ್ಕೆ ಉರುಳಿಸುತ್ತಾರೆ, ಆಗ ಗಾಡಿ ಹೊರುವ ಭಾರ ಕಡಿಮೆಯಾಗುತ್ತದೆ. ಹಿಮ ಮೊಣಕಾಲುದ್ದ ಬೀಳುವವರೆಗೆ ಕಾಯದೆ, ನಾಲ್ಕು ಬೆರಳು ಬಿದ್ದಾಗಲೇ ಒಮ್ಮೆ ಸರಿಸಿಬಿಡುತ್ತಾರೆ. ಸರಪಳಿ ಕಟ್ಟಿದ ಗಾಡಿಗೂ ಕಟ್ಟದ ಗಾಡಿಗೂ ಅಜಗಜಾಂತರ. ನಮ್ಮ ಟ್ರ್ಯಾಕ್ಟರಿಗೂ ಸರಪಳಿ ಕಟ್ಟಿದರೆ ಎರೆಯಲ್ಲಿ ಹಿಡಿತ ಸಿಗುವುದಿಲ್ಲವೇ?

ಕೃಷಿ_ಇಂಜಿನಿಯರ್_ಧಾರವಾಡ:

ಒಳ್ಳೆಯ ಹೋಲಿಕೆ, ಆದರೆ ಸರಪಳಿಯ ವಿಷಯದಲ್ಲಿ ಎರಡೂ ಕಡೆಯ ದಾರಿ ಬೇರೆಯಾಗುತ್ತದೆ. ಹಿಮದ ಕೆಳಗೆ ಗಟ್ಟಿ ನೆಲವಿದೆ. ಸರಪಳಿಯ ಕೊಂಡಿ ಹಿಮವನ್ನು ಸೀಳಿ, ಮಂಜುಗಡ್ಡೆಯನ್ನು ಕಚ್ಚಿ, ಆ ಗಟ್ಟಿಯನ್ನು ಹಿಡಿಯುತ್ತದೆ. ಎರೆಯ ಕೆಳಗೆ ಇರುವುದು ಇನ್ನಷ್ಟು ಎರೆ. ನೆನೆದ ಜೇಡಿಯಲ್ಲಿ ಸರಪಳಿಯ ಕೊಂಡಿಗಳ ನಡುವೆ ರಾಡಿ ತುಂಬಿಕೊಂಡರೆ ಲಗ್‌ಗಳಿಗೆ ಆದ ಗತಿಯೇ ಸರಪಳಿಗೂ ಆಗುತ್ತದೆ, ಸ್ವಚ್ಛ ಮಾಡುವ ಕೆಲಸ ಬೇರೆ. ಮರಳಿನ ಚೀಲ ಅಲ್ಲಿ ಉಪಯೋಗಕ್ಕೆ ಬರುವುದೂ ಅದೇ ಕಾರಣಕ್ಕೆ; ಒತ್ತಿ ಗಟ್ಟಿಯಾದ ಹಿಮದಲ್ಲಿ ಘರ್ಷಣೆ ಕಡಿಮೆಯಿದ್ದರೂ ಅದು ತೂಕದ ಜೊತೆ ಏರುತ್ತದೆ.

ಅಲ್ಲಿಂದ ನಾವು ತೆಗೆದುಕೊಳ್ಳಬಹುದಾದದ್ದು ಕೊನೆಯ ಎರಡು ಮಾತು: ಒಮ್ಮೆಗೆ ಹೊರುವ ಭಾರವನ್ನು ಕಡಿಮೆ ಮಾಡುವುದು ಮತ್ತು ಸರಿಯಾದ ಹೊತ್ತನ್ನು ಆರಿಸಿಕೊಳ್ಳುವುದು. ಕಲ್ಟಿವೇಟರಿನ ಒಂಬತ್ತು ಹಲ್ಲುಗಳಲ್ಲಿ ಎರಡನ್ನು ಬಿಚ್ಚಿ ಏಳು ಮಾಡಿದರೆ, ಆಳವನ್ನು ಒಂದೆರಡು ಇಂಚು ತಗ್ಗಿಸಿದರೆ, ಎಳೆಯಬೇಕಾದ ಭಾರ ತಾನಾಗಿಯೇ ಇಳಿಯುತ್ತದೆ. ಹಿಡಿತವನ್ನು ಹೆಚ್ಚಿಸುವುದಕ್ಕಿಂತ ಬೇಡಿಕೆಯನ್ನು ಕಡಿಮೆ ಮಾಡುವುದು ಈ ನೆಲದಲ್ಲಿ ಸುಲಭ.

ಕುಂದಗೋಳ_ರೈತಮಹಿಳೆ:

ಎಲ್ಲರೂ ಗಾಲಿಯ ಬಗ್ಗೆ ಬರೆದಿದ್ದೀರಿ, ಹದದ ಬಗ್ಗೆ ಯಾರೂ ಬರೆದಿಲ್ಲ. ಲಗ್‌ಗಳ ಸಂದು ತುಂಬಿ ಟಯರು ನುಣ್ಣಗಾಗುತ್ತಿದೆ ಎಂದರೆ ಆ ಹೊಲ ಇನ್ನೂ ಹದಕ್ಕೆ ಬಂದಿಲ್ಲ ಎಂದೇ ಅರ್ಥ. ಮೇಲ್ಮಣ್ಣು ಬಿಳುಪಾಗಿ ಒಣಗಿದಂತೆ ಕಂಡರೂ ಗೇಣುದ್ದ ಕೆಳಗೆ ಹಸಿ ಇರುತ್ತದೆ. ನಮ್ಮ ಮನೆಯಲ್ಲಿ ಹಿರಿಯರು ನೋಡುತ್ತಿದ್ದ ರೀತಿಯನ್ನೇ ನಾನೂ ಅನುಸರಿಸುತ್ತೇನೆ. ಹಲ್ಲು ಎಷ್ಟು ಆಳಕ್ಕೆ ಇಳಿಯಬೇಕೋ ಅಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆಯುತ್ತೇನೆ. ಶಾವಿಗೆಯಂತೆ ಎಳೆ ಬಂದರೆ ಟ್ರ್ಯಾಕ್ಟರನ್ನು ಬದುವಿನ ಆಚೆಯೇ ನಿಲ್ಲಿಸುತ್ತೇನೆ. ಎಳೆ ಬಾರದೆ ಪುಡಿಪುಡಿಯಾಗಿ ಒಡೆದರೆ ಹೊಲಕ್ಕೆ ಇಳಿಸುತ್ತೇನೆ.

ಹಸಿಯಲ್ಲಿ ಉತ್ತರೆ ಹಲ್ಲು ಹಾದ ಜಾಗ ಮೆತ್ತಿದಂತೆ ಹೊಳೆಯುತ್ತದೆ, ಒಣಗಿದ ಮೇಲೆ ಅದೇ ಹೆಂಟೆಯಾಗಿ ಕೂರಿಗೆಯ ತಾಳನ್ನು ಎತ್ತಿ ಎಸೆಯುತ್ತದೆ. ಬಿತ್ತಿಗೆ ಒಂದು ವಾರ ತಡವಾದದ್ದಕ್ಕಿಂತ ಹೆಂಟೆಯ ನಡುವೆ ಬಿದ್ದ ಬೀಜದ ನಷ್ಟ ದೊಡ್ಡದು. ಇನ್ನೂ ಒಂದು ಮಾತು: ಹೆಸರಿನ ನಂತರದ ಕಡಲೆಗೆ ಆಳವಾದ ಉಳುಮೆಯೇ ಬೇಕಾಗಿಲ್ಲ. ಕಳೆ ಹೋಗುವಂತೆ ಒಂದೆರಡು ಸಲ ಕುಂಟಿ ಹೊಡೆದು ಹರಗಿದರೆ ಸಾಕು. ಎತ್ತು ಇದ್ದವರು ಎತ್ತಿನ ಕುಂಟಿಯಲ್ಲಿಯೇ ಮುಗಿಸುತ್ತಾರೆ. ಇಲ್ಲದವರು ಟ್ರ್ಯಾಕ್ಟರಿಗೆ ಅಗಲವಾದ ಕುಂಟಿ ಕಟ್ಟಿಕೊಳ್ಳಲಿ. ಕಲ್ಟಿವೇಟರನ್ನೇ ಹಟ ಹಿಡಿದು ಎಳೆಯುವುದು ಏಕೆ?

ಎರೆಹೊಲ_ನವಲಗುಂದ:

ಅಕ್ಕನವರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಎರೆಯ ಹದ ಬಹಳ ಹೊತ್ತು ನಿಲ್ಲುವುದಿಲ್ಲವಲ್ಲ. ಹಸಿ ಇದೆ ಎಂದು ಕಾದು ಕುಳಿತರೆ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಕಲ್ಲಾಗಿರುತ್ತದೆ, ಅಷ್ಟರಲ್ಲಿ ಊರಿನವರೆಲ್ಲ ಒಮ್ಮೆಗೇ ಟ್ರ್ಯಾಕ್ಟರ್ ಕೇಳುತ್ತಾರೆ. ಹದದ ಆ ಎರಡು ಮೂರು ದಿನಗಳಲ್ಲಿ ಹೆಚ್ಚು ಎಕರೆ ಮುಗಿಸಬೇಕೆಂಬುದೇ ನನ್ನ ಚಿಂತೆ. ಹೊಲದ ತಗ್ಗು ಭಾಗದಲ್ಲಿ ಆಗಲೂ ಗಾಲಿ ಸುತ್ತುತ್ತದೆ.

ರೋಟವೇಟರ್ ಹಾಕಿದರೆ ಗಾಲಿ ಸುತ್ತುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ. ಅದನ್ನೇ ಹೊಡೆದುಬಿಡಬಹುದೇ?

ಮೆಕ್ಯಾನಿಕ್_ರಾಣೇಬೆನ್ನೂರು:

ರೋಟವೇಟರಿನ ಬ್ಲೇಡುಗಳು ಪಿಟಿಒ (ಇಂಜಿನ್ನಿನಿಂದ ಉಪಕರಣಕ್ಕೆ ಶಕ್ತಿ ಕೊಡುವ, ಹಿಂಭಾಗದ ತಿರುಗುವ ದಂಡ) ಶಕ್ತಿಯಿಂದ ಗಾಲಿ ತಿರುಗುವ ದಿಕ್ಕಿನಲ್ಲಿಯೇ ತಿರುಗುತ್ತವೆ, ಹಾಗಾಗಿ ಅವು ಮಣ್ಣನ್ನು ಹಿಂದಕ್ಕೆ ಎಸೆಯುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತವೆ. ಗಾಲಿಗೆ ಎಳೆಯುವ ಕೆಲಸವೇ ಇರುವುದಿಲ್ಲ, ಸುತ್ತುವುದೂ ಇಲ್ಲ. ಆದರೆ ಹಸಿ ಎರೆಯಲ್ಲಿ ಆ ಬ್ಲೇಡುಗಳು ಒಂದೇ ಆಳದಲ್ಲಿ ಮಣ್ಣನ್ನು ಸವರಿ ಸವರಿ ಕೆಳಗೆ ಸಿಮೆಂಟು ಹಾಕಿದಂತಹ ಪದರ ಮಾಡಿಬಿಡುತ್ತವೆ. ಕಡಲೆಯ ಬೇರು ಕೆಳಗಿನ ತೇವ ಹುಡುಕಿಕೊಂಡು ಹೋಗಬೇಕಾದ ಬೆಳೆ. ಅದಕ್ಕೆ ಅಂತಹ ಪದರ ಕೊಡಬೇಡಿ.

ಈಗ ಟ್ರ್ಯಾಕ್ಟರಿನಲ್ಲಿ ಈಗಾಗಲೇ ಇರುವ, ದುಡ್ಡು ಕೊಡದೆ ಸಿಗುವ ಎರಡು ಸೌಲಭ್ಯಗಳ ಬಗ್ಗೆ ಹೇಳುತ್ತೇನೆ. ನನ್ನ ಹತ್ತಿರ ರಿಪೇರಿಗೆ ಬರುವ ಟ್ರ್ಯಾಕ್ಟರುಗಳ ಮಾಲೀಕರಲ್ಲಿ ಇವನ್ನು ಸರಿಯಾಗಿ ಬಳಸುವವರು ಕಡಿಮೆ.

ಮೊದಲನೆಯದು ಹೈಡ್ರಾಲಿಕ್‌ನ ಡ್ರಾಫ್ಟ್ ಕಂಟ್ರೋಲ್. ಸೀಟಿನ ಬಲಗಡೆ ಎರಡು ಲಿವರುಗಳಿರುತ್ತವೆ, ಒಂದು ಪೊಸಿಷನ್, ಇನ್ನೊಂದು ಡ್ರಾಫ್ಟ್. ಪೊಸಿಷನ್ ಲಿವರ್ ಒಂದನ್ನೇ ಬಳಸಿದರೆ ಉಪಕರಣ ಹೇಳಿದ ಎತ್ತರದಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಗಟ್ಟಿ ಮಣ್ಣು ಎದುರಾದರೆ ಗಾಲಿ ಸುತ್ತುತ್ತದೆ. ಡ್ರಾಫ್ಟ್‌ಗೆ ಹಾಕಿದರೆ ಎಳೆತ ಹೆಚ್ಚಿದ ಕೂಡಲೇ ಲಿಫ್ಟ್ ತಾನಾಗಿಯೇ ಉಪಕರಣವನ್ನು ಸ್ವಲ್ಪ ಮೇಲಕ್ಕೆ ಎತ್ತಲು ನೋಡುತ್ತದೆ. ಎತ್ತಲು ನೋಡುವ ಆ ಕ್ಷಣದಲ್ಲಿ ಉಪಕರಣದ ಭಾರವೂ ಅದರ ಮೇಲಿನ ಮಣ್ಣಿನ ಒತ್ತಡವೂ ಹಿಂದಿನ ಗಾಲಿಗಳ ಮೇಲೆ ಬೀಳುತ್ತವೆ. ಅಂದರೆ ತೂಕ ಬೇಕಾದಾಗ ಮಾತ್ರ ಬರುತ್ತದೆ, ಬೇಡವಾದಾಗ ಹೋಗುತ್ತದೆ. ಸದಾಕಾಲ 300 ಕಿಲೋ ನೀರು ಹೊತ್ತು ತಿರುಗಬೇಕಾಗಿಲ್ಲ. ಹ್ಯಾರಿ ಫರ್ಗ್ಯೂಸನ್ 1930ರ ದಶಕದಲ್ಲಿ ಉಪಕರಣವನ್ನು ಮೂರು ಕಡೆ ಹಿಡಿಯುವ ಮೂರು ಬಿಂದುಗಳ ಲಿಂಕೇಜನ್ನು ಹೈಡ್ರಾಲಿಕ್ ಜೊತೆ ಜೋಡಿಸಿದ್ದೇ ಹಗುರ ಟ್ರ್ಯಾಕ್ಟರಿನಿಂದ ಭಾರಿ ಟ್ರ್ಯಾಕ್ಟರಿನ ಕೆಲಸ ತೆಗೆಯಲು. ಇಂದಿಗೂ ನಾವು ಓಡಿಸುವ ಪ್ರತಿಯೊಂದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಅವನ ವಿಚಾರವೇ ಇದೆ.

ಎರಡನೆಯದು ಡಿಫರೆನ್ಷಿಯಲ್ ಲಾಕ್. ಡಿಫರೆನ್ಷಿಯಲ್ ಎರಡೂ ಗಾಲಿಗಳಿಗೆ ಸಮನಾದ ತಿರುಚುಬಲ ಕೊಡುತ್ತದೆ. ಹಾಗಾಗಿ ಒಂದು ಗಾಲಿ ರಾಡಿಯಲ್ಲಿ ಸುತ್ತತೊಡಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಪಲ್ಟಿ ನೇಗಿಲು ಹಾಕಿದಾಗ ಒಂದು ಗಾಲಿ ಸಾಲಿನೊಳಗೆ ಇಳಿದು ಟ್ರ್ಯಾಕ್ಟರ್ ಆ ಕಡೆ ವಾಲುತ್ತದೆ, ಮೇಲಿನ ಗಾಲಿ ಹಗುರಾಗಿ ಸುತ್ತುತ್ತದೆ. ನಿಮ್ಮ ಹೊಲದ ತಗ್ಗಿನಲ್ಲಿಯೂ ಒಂದೇ ಗಾಲಿ ಮೊದಲು ಸೋಲುತ್ತಿರಬೇಕು. ಗಾಲಿ ಸುತ್ತಲು ಶುರುವಾದ ಮೇಲೆ ಲಾಕ್ ಒತ್ತಿದರೆ ಅದರೊಳಗಿನ ಹಲ್ಲು ಮುರಿಯಬಹುದು. ತಗ್ಗು ಬರುವುದಕ್ಕೆ ಮೊದಲೇ, ನೇರ ಸಾಲಿನಲ್ಲಿ, ನಿಧಾನವಾಗಿ ಹೋಗುತ್ತಿರುವಾಗ ಪೆಡಲ್ ಒತ್ತಬೇಕು. ಸಾಲಿನ ಕೊನೆಯಲ್ಲಿ ತಿರುಗುವ ಮೊದಲು ಲಾಕ್ ಬಿಟ್ಟಿರಲೇಬೇಕು.

ಇಷ್ಟಾದ ಮೇಲೂ ಗಾಲಿ ಎಷ್ಟು ಜಾರುತ್ತಿದೆ ಎಂಬುದನ್ನು ಕಣ್ಣಳತೆಯಲ್ಲಿ ಹೇಳಬೇಡಿ, ಅಳೆಯಿರಿ. ಹಿಂದಿನ ಟಯರಿನ ಪಕ್ಕೆಗೆ ಸುಣ್ಣದ ಗೆರೆ ಎಳೆಯಿರಿ. ಅದೇ ಹೊಲದಲ್ಲಿ ಕಲ್ಟಿವೇಟರನ್ನು ಮೇಲೆತ್ತಿಕೊಂಡು ಗಾಲಿಯ ಹತ್ತು ಸುತ್ತಿಗೆ ಟ್ರ್ಯಾಕ್ಟರ್ ಎಷ್ಟು ದೂರ ಹೋಯಿತೆಂದು ಟೇಪು ಹಿಡಿದು ನೋಡಿ. ಬಳಿಕ ಕಲ್ಟಿವೇಟರನ್ನು ಇಳಿಸಿ, ಅದೇ ಗೇರಿನಲ್ಲಿ ಹತ್ತು ಸುತ್ತಿಗೆ ಎಷ್ಟು ದೂರ ಎಂದು ನೋಡಿ. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಬಂದರೆ ಜಾರುವಿಕೆ ಶೇಕಡಾ 15. ಶೇಕಡಾ 8ರಿಂದ 15ರ ನಡುವೆ ಇದ್ದರೆ ಟ್ರ್ಯಾಕ್ಟರ್ ತನ್ನ ಶಕ್ತಿಯನ್ನು ಚೆನ್ನಾಗಿ ಬಳಸುತ್ತಿದೆ. ಅದಕ್ಕಿಂತ ಕಡಿಮೆಯಿದ್ದರೆ ಅನಾವಶ್ಯಕ ತೂಕ ಹೊತ್ತಿದ್ದೀರಿ. ಬಹಳ ಹೆಚ್ಚಿದ್ದರೆ ಡೀಸೆಲ್ಲೂ ರಬ್ಬರೂ ಹೊಲದಲ್ಲಿ ಸವೆಯುತ್ತಿವೆ.

ಗದ್ದೆ_ಹಾನಗಲ್ಲ:

ನಾವು ಭತ್ತದ ಗದ್ದೆಗೆ ರಾಡಿ ಮಾಡುವಾಗ ಟಯರಿನ ಪಕ್ಕಕ್ಕೆ ಕೇಜ್ ವೀಲ್ (ಕಬ್ಬಿಣದ ಪಟ್ಟಿಗಳ ಪಂಜರದಂತಹ ಗಾಲಿ) ಜೋಡಿಸುತ್ತೇವೆ, ನೀರು ನಿಂತ ಗದ್ದೆಯಲ್ಲಿಯೂ ಟ್ರ್ಯಾಕ್ಟರ್ ಸಲೀಸಾಗಿ ಓಡುತ್ತದೆ. ಎರೆಗೆ ಅದನ್ನೇಕೆ ಬಳಸಬಾರದು?

ಕೃಷಿ_ಇಂಜಿನಿಯರ್_ಧಾರವಾಡ:

ನಿಮ್ಮ ಗದ್ದೆಯ ಕೆಳಗೆ ವರ್ಷಗಟ್ಟಲೆ ರಾಡಿ ಮಾಡಿದ್ದರಿಂದ ಆದ ಗಟ್ಟಿ ಪದರವಿದೆ, ಕೇಜ್ ವೀಲ್ ಅದರ ಮೇಲೆ ನಿಲ್ಲುತ್ತದೆ. ಎರೆಯಲ್ಲಿ ಅಂತಹ ಪದರವಿಲ್ಲದ್ದರಿಂದ ಅದರ ಪಟ್ಟಿಗಳು ಮಣ್ಣು ಅಗೆಯುತ್ತ ಕೆಳಗೆ ಇಳಿಯುತ್ತವೆ, ಜಿಗುಟು ಮಣ್ಣು ಪಟ್ಟಿಗಳ ನಡುವೆ ಕಚ್ಚಿಕೊಳ್ಳುತ್ತದೆ. ಹದಕ್ಕೆ ಹತ್ತಿರ ಬಂದ ನೆಲದಲ್ಲಿ ಟಯರಿಗಿಂತ ಕಡಿಮೆ ವ್ಯಾಸದ ಅರ್ಧ ಕೇಜ್ ಸ್ವಲ್ಪ ಆಸರೆ ಕೊಡಬಹುದು. ಕೇಜ್ ಕಟ್ಟಿಕೊಂಡು ಡಾಂಬರು ರಸ್ತೆಗೆ ಮಾತ್ರ ಬರಬೇಡಿ. ನಮ್ಮ ಹಳ್ಳಿಯ ರಸ್ತೆಗಳ ಮೇಲಿನ ಗೀರುಗಳನ್ನು ನೋಡಿದರೆ ಈ ಮಾತು ಎಷ್ಟು ಸಲ ಹೇಳಿದರೂ ಸಾಲದು ಎನಿಸುತ್ತದೆ.

ಎರೆಹೊಲ_ನವಲಗುಂದ:

ಎಲ್ಲರಿಗೂ ಧನ್ಯವಾದ. ಸುಣ್ಣದ ಗೆರೆ ಎಳೆದು ಅಳೆದೆ. ಕಲ್ಟಿವೇಟರ್ ಎತ್ತಿದಾಗ 40 ಮೀಟರ್, ಇಳಿಸಿದಾಗ 29 ಮೀಟರ್ ಬಂತು, ಅಂದರೆ ಶೇಕಡಾ 27ಕ್ಕೂ ಹೆಚ್ಚು ಜಾರುವಿಕೆ. ಗಾಳಿಯನ್ನು 12 ಪೌಂಡಿಗೆ ಇಳಿಸಿ, ಎರಡು ಹಲ್ಲು ಬಿಚ್ಚಿ, ಡ್ರಾಫ್ಟ್ ಲಿವರಿಗೆ ಹಾಕಿದ ಮೇಲೆ ಅದೇ ಹೊಲದಲ್ಲಿ 34 ಮೀಟರಿಗೆ ಬಂದಿದೆ. ನೀರು ತುಂಬಿಸುವ ವಿಚಾರವನ್ನು ಬೇಸಿಗೆಯ ಉಳುಮೆಯವರೆಗೆ ಮುಂದೂಡಿದ್ದೇನೆ.

ಇನ್ನೊಂದು ಪ್ರಶ್ನೆ. ತಗ್ಗಿನಲ್ಲಿ ಪೂರ್ತಿ ಹುಗಿದುಕೊಂಡಾಗ ನಮ್ಮೂರಲ್ಲಿ ಹಿಂದಿನ ಎರಡೂ ಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸುತ್ತಾರೆ. ಇದು ಸರಿಯೇ?

ಮೆಕ್ಯಾನಿಕ್_ರಾಣೇಬೆನ್ನೂರು:

ಖಂಡಿತ ಬೇಡ, ಯಾರು ಹೇಳಿದರೂ ಮಾಡಬೇಡಿ. ದಿಮ್ಮಿ ಮಣ್ಣಿಗೆ ಸಿಕ್ಕಿ ಗಾಲಿ ತಿರುಗಲಾರದಂತಾದಾಗ ಇಂಜಿನ್ನಿನ ಬಲ ಗಾಲಿಯನ್ನು ತಿರುಗಿಸುವ ಬದಲು ಆಕ್ಸಲ್ ಸುತ್ತ ಟ್ರ್ಯಾಕ್ಟರನ್ನೇ ತಿರುಗಿಸುತ್ತದೆ. ಮುಂದಿನ ಗಾಲಿಗಳು ಮೇಲೇಳುತ್ತವೆ, ಕ್ಲಚ್ ಒತ್ತಲು ಕಾಲು ಹೋಗುವಷ್ಟರಲ್ಲಿ ಟ್ರ್ಯಾಕ್ಟರ್ ಹಿಮ್ಮುಖವಾಗಿ ಚಾಲಕನ ಮೇಲೆ ಮಗುಚಿರುತ್ತದೆ. ಎಳೆಯಲೆಂದೇ ಕೆಳಗೆ ಇರುವ ಡ್ರಾಬಾರ್ ಬಿಟ್ಟು ಮೇಲಿನ ಟಾಪ್ ಲಿಂಕಿನ ಕೊಂಡಿಗೆ ಸರಪಳಿ ಕಟ್ಟಿ ಎಳೆಯುವುದೂ ಅಷ್ಟೇ ಅಪಾಯ, ಎಳೆತ ಆಕ್ಸಲ್‌ಗಿಂತ ಮೇಲಿನಿಂದ ಬಂದರೆ ಮುಂಭಾಗ ಎದ್ದೇಳುತ್ತದೆ.

ಹುಗಿದ ಕೂಡಲೇ ಗಾಲಿ ಸುತ್ತಿಸುವುದನ್ನು ನಿಲ್ಲಿಸಿ. ಉಪಕರಣವನ್ನು ಬಿಚ್ಚಿ ಅಲ್ಲಿಯೇ ಬಿಡಿ. ಗಾಲಿಯ ಹಿಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಹತ್ತಿಕಟ್ಟಿಗೆ ಅಥವಾ ಜೋಳದ ಕಣಿಕೆ ಹಾಸಿ, ಕಡಿಮೆ ಗೇರಿನಲ್ಲಿ ಬಂದ ದಾರಿಯಲ್ಲಿಯೇ ಹಿಂದಕ್ಕೆ ತೆಗೆಯಿರಿ. ಬರದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರಿನಿಂದ, ಉದ್ದ ಹಗ್ಗ ಹಾಕಿ, ಕೆಳಗಿನ ಡ್ರಾಬಾರಿಗೇ ಕಟ್ಟಿ ಎಳೆಸಿ. ಹಗ್ಗದ ಹತ್ತಿರ ಹುಡುಗರನ್ನು ನಿಲ್ಲಲು ಬಿಡಬೇಡಿ.

ಬಾಡಿಗೆ_ಟ್ರ್ಯಾಕ್ಟರ್_ಹಾವೇರಿ:

ಹಾಗಾದರೆ ಫೋರ್ ವೀಲ್ ಡ್ರೈವ್ ವಿಷಯ ಏನಾಯಿತು? ನಾನು ಮುಂದಿನ ವರ್ಷ ಟ್ರ್ಯಾಕ್ಟರ್ ಬದಲಿಸುವವನಿದ್ದೇನೆ.

ಕೃಷಿ_ಇಂಜಿನಿಯರ್_ಧಾರವಾಡ:

ಹಸಿ ನೆಲದಲ್ಲಿ ಅದರ ಲಾಭ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಟೂ ವೀಲ್ ಡ್ರೈವ್‌ನಲ್ಲಿ ತೂಕದ ಸುಮಾರು ಮೂರನೆಯ ಒಂದು ಭಾಗ ಮುಂದಿನ ಸಣ್ಣ ಗಾಲಿಗಳ ಮೇಲೆ ಕುಳಿತು ಎಳೆತಕ್ಕೆ ಏನನ್ನೂ ಕೊಡುವುದಿಲ್ಲ. ಮೆತ್ತನೆಯ ನೆಲದಲ್ಲಿ ಅವು ಹುಗಿಯುತ್ತ ಹೋಗುವುದರಿಂದ ಅವನ್ನೂ ತಳ್ಳಬೇಕು. ಫೋರ್ ವೀಲ್ ಡ್ರೈವ್‌ನಲ್ಲಿ ಆ ತೂಕವೂ ದುಡಿಯುತ್ತದೆ, ಮುಟ್ಟುವ ವಿಸ್ತೀರ್ಣ ಹೆಚ್ಚುತ್ತದೆ, ಮುಂದಿನ ಗಾಲಿ ಒತ್ತಿ ಗಟ್ಟಿ ಮಾಡಿದ ಜಾಡಿನಲ್ಲಿ ಹಿಂದಿನದು ನಡೆಯುತ್ತದೆ. ಆದರೆ ಇದು ನೆಲ ಹದವಿಲ್ಲದಾಗ ಒಳಗೆ ಹೋಗುವ ಧೈರ್ಯವನ್ನೂ ಕೊಡುತ್ತದೆ, ಅಲ್ಲಿಯೇ ಹೊಲ ಕೆಡುತ್ತದೆ. ಕುಂದಗೋಳದ ಅಕ್ಕನವರ ಅಂಗೈ ಪರೀಕ್ಷೆ ನಾಲ್ಕು ಗಾಲಿಗೂ ಅನ್ವಯಿಸುತ್ತದೆ. ವರ್ಷದಲ್ಲಿ ಒಂದೆರಡು ವಾರದ ಅಡಚಣೆಗಾಗಿ ಮಾತ್ರ ಕೊಳ್ಳುವುದಾದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ಮೊದಲು ವಿಚಾರಿಸಿ. ನಿಮ್ಮಂತೆ ಬಾಡಿಗೆಯೇ ಉದ್ಯೋಗವಾಗಿದ್ದರೆ ಮಾತು ಬೇರೆ. ಕೊಂಡ ಮೇಲೆ ಮುಂದಿನ ಟಯರಿನ ಅಳತೆ ಬದಲಿಸಬೇಡಿ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ವೇಗವಾಗಿ ಉರುಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ, ಅಳತೆ ತಪ್ಪಿದರೆ ಆ ಹೊಂದಾಣಿಕೆ ಕೆಡುತ್ತದೆ. ಗಟ್ಟಿ ರಸ್ತೆಯಲ್ಲಿ ಮುಂದಿನ ಚಾಲನೆಯನ್ನು ಬಿಡಿಸಿಯೇ ಓಡಿಸಿ.

ಎರೆಹೊಲ_ನವಲಗುಂದ:

ಕೊನೆಯದಾಗಿ ಒಂದು ಸಣ್ಣ ಸಂದೇಹ. ಎಡಗಡೆಯ ಟಯರಿನ ಲಗ್‌ಗಳು ಬಲಗಡೆಗಿಂತ ಹೆಚ್ಚು ಸವೆದಿವೆ. ಒಂದನ್ನೇ ಬದಲಿಸಬಹುದೇ?

ಟಯರ್_ಅಂಗಡಿ_ಗದಗ:

ಒಂದನ್ನೇ ಬದಲಿಸಬೇಡಿ ಅಣ್ಣನವರೇ. ಹೊಸ ಟಯರಿನ ಸುತ್ತಳತೆ ಸವೆದದ್ದಕ್ಕಿಂತ ಹೆಚ್ಚು, ಹಾಗಾಗಿ ನೇರ ಹೋಗುವಾಗಲೂ ಡಿಫರೆನ್ಷಿಯಲ್ ತಿರುಗುತ್ತಲೇ ಇರಬೇಕಾಗುತ್ತದೆ, ಲಾಕ್ ಒತ್ತಿದಾಗ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ. ಜೋಡಿಯಾಗಿಯೇ ಹಾಕಿಸಿ. ಹಾಕಿಸಿದ ಮೇಲೆ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ: ಲಗ್‌ಗಳ ಮೂತಿ ಮೇಲ್ಮುಖವಾಗಿ ಕಾಣಬೇಕು. ಹಾಗಿದ್ದರೆ ಮೂತಿ ಮೊದಲು ನೆಲ ಮುಟ್ಟಿ ರಾಡಿಯನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ. ತಿರುವುಮುರುವಾಗಿ ಕೂರಿಸಿದ್ದರೆ ರಾಡಿ ನಡುವೆಯೇ ತುಂಬಿಕೊಳ್ಳುತ್ತದೆ. ಅವಸರದಲ್ಲಿ ಹೀಗೆ ತಪ್ಪಾಗಿ ಕೂರಿಸಿದ ಗಾಲಿಗಳು ನಮ್ಮ ಅಂಗಡಿಗೆ ಆಗಾಗ ಬರುತ್ತವೆ, ಆದ್ದರಿಂದ ಇಳಿಸಿಕೊಂಡು ಹೊರಡುವ ಮೊದಲೇ ನೋಡಿಕೊಳ್ಳಿ.